ಕ್ಷಯ ಅಂದ್ರೆ ಆ ಕ್ಷಯ ಅಲ್ಲ

ಅಯ್ಯೋ, ಅಲ್ಲ ಗುಣವತಿಯಕ್ಕ… ಅಲ್ಲ, ಅಲ್ಲ, ಅಲ್ಲವೇ ಅಲ್ಲ! ಕ್ಷಯ ಅಂದ್ರೆ ಆ ಕ್ಷಯ ಅಲ್ಲ. ಕೆಮ್ಮುವ ಕ್ಷಯ ಅಲ್ಲ, ರಕ್ತ ಕಾರುವ ಕ್ಷಯ ಅಲ್ಲ, ತಾಂಬರಂನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿಸ್ತಾರಲ್ಲ, ಆ ಕ್ಷಯ ಅಲ್ಲ. ನನ್ನ ಮಗಳು ವಿಮಲಾ ಗುಂಡುಕಲ್ಲಿನ ಹಾಗಿದ್ದಾಳೆ. ಬಸ್ಸು ಹೊರಟ ಮೇಲೆ ಓಡಿ ಹತ್ತುವ ಹುಡುಗಿ ಅದು. ಎದೆ ಸರಿ ಇಲ್ಲದವಳು ಹಾಗೆ ಓಡ್ತಾಳಾ? ನೀವೇ ಹೇಳಿ.

ಕೂತ್ಕೊಳ್ತೇನೆ, ಕೂತ್ಕೊಳ್ತೇನೆ. ಉಸ್ಸಪ್ಪ… ತ್ರಿಪ್ಲಿಕೇನ್‌ನಿಂದ ಈ ಸೌಕಾರ್‌ಪೇಟೆಗೆ ಬರುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳೀಲಿಲ್ಲ. ಆ ರಿಕ್ಷಾದವನು ಬಟ್ಟೆ ಮೂಟೆಗಳ ನಡುವೆ ಎಲ್ಲೆಲ್ಲೋ ನುಗ್ಗಿಸಿದ. ನಿಮ್ಮ ಅಣ್ಣನ ಹೋಟೆಲು ಎಲ್ಲಿ ಅಂತ ಕೇಳಿದ್ರೆ ಒಬ್ಬ ಆ ಕಡೆ ಕೈ ತೋರಿಸ್ತಾನೆ, ಇನ್ನೊಬ್ಬ ಈ ಕಡೆ. ಕಡೆಗೆ ಸಾಂಬಾರಿನ ಪರಿಮಳ ಹಿಡ್ಕೊಂಡು ಮೆಟ್ಟಿಲು ಹತ್ತಿದೆ. ನಮ್ಮೂರಿನವರ ಸಾಂಬಾರು ಅಲ್ವಾ, ಮೂಗಿಗೆ ಗೊತ್ತಾಗ್ತದೆ.

ಕಾಪಿಯಾ? ಬೇಡ ಅಂತ ಹೇಳುವುದಿಲ್ಲ. ಹೋಟೆಲಿನವರ ಮನೆಯಲ್ಲಿ ಕಾಪಿ ಬೇಡ ಅಂದ್ರೆ ಜಗಳಕ್ಕೆ ಬಂದ ಹಾಗೆ. ನಾನು ಬಂದದ್ದು ಜಗಳಕ್ಕಲ್ಲ. ಸರಿ ಮಾಡ್ಲಿಕ್ಕೆ ಬಂದದ್ದು. ಇವರೇ ಕಳಿಸಿದ್ದು. ನಮ್ಮ ಯಜಮಾನ್ರನ್ನು ನೋಡಿದ್ದೀರಲ್ಲ, ಮಧ್ವರಾಜ ಅಂದ್ರೆ ಇಡೀ ತ್ರಿಪ್ಲಿಕೇನ್‌ನ ಮೆಸ್ಸಿನವರೆಲ್ಲ ಎದ್ದು ನಿಲ್ತಾರೆ. ಅಂಥ ಮನುಷ್ಯ ಆದಿತ್ಯವಾರದಿಂದ ಸರಿಯಾಗಿ ಊಟ ಮಾಡ್ಲಿಲ್ಲ. “ರತ್ನಾವತಿ, ನೀನೇ ಹೋಗು. ಹೆಂಗಸರು ಹೆಂಗಸರು ಮಾತಾಡಿದ್ರೆ ಸರಿಹೋಗ್ತದೆ. ಇಂಥ ಸಂಬಂಧ ಇನ್ನೊಮ್ಮೆ ಸಿಕ್ಕುವುದಿಲ್ಲ” ಅಂತ. ಹೌದಲ್ವಾ? ನಿಮ್ಮ ಮಗ ಭೋಜರಾಜನ ಹಾಗಿನ ಹುಡುಗ… ಭಿಲಾಯಿಯ ಹೊಸ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು, ಸಿಗರೇಟಿಲ್ಲ, ಸೊಕ್ಕಿಲ್ಲ. ಮೊನ್ನೆ ತಟ್ಟೆ ಖಾಲಿ ಮಾಡಿ ತಾನೇ ತೊಳೆಯುವ ಜಾಗಕ್ಕೆ ತಗೊಂಡು ಹೊರಟ. ನಮ್ಮ ಮನೆಯಲ್ಲಿ ಗಂಡಸರು ಹಾಗೆ ಮಾಡಿದ್ದನ್ನು ನಾನು ನೋಡಿದ್ದೇ ಮೊದಲು.

ಎಂತ? ವಿಮಲಾನಾ? ಅವಳು ಚೆನ್ನಾಗಿದ್ದಾಳೆ. ಅವಳ ಮಾತು ಆಮೇಲೆ ಹೇಳ್ತೇನೆ. ಮೊದಲು ಈ ಕ್ಷಯದ ಕಥೆ ಮುಗೀಲಿ.

ಮೊನ್ನೆ ಆದದ್ದು ಎಂತ? ನೀವೆಲ್ಲ ಹುಡುಗಿ ನೋಡ್ಲಿಕ್ಕೆ ಬಂದ್ರಿ. ಗೋಳಿಬಜೆ ಆಯ್ತು, ಶೀರಾ ಆಯ್ತು. ನೀವು ಎಷ್ಟು ಪ್ರೀತಿಯಿಂದ ಕೇಳಿದ್ರಿ, “ಎಂತ ಓದ್ತೀ ಮಗಾ?” ಅಂತ. ಅವಳು ತಲೆ ಎತ್ತಿ, ಸ್ಪಷ್ಟ ಕನ್ನಡದಲ್ಲಿ, “ನಾನು ಕ್ಷಯದ ಮೇಲೆ ಕೆಲಸ ಮಾಡ್ತಾ ಇದ್ದೇನೆ. ಅರ್ಧಾಯುಷ್ಯ ಎಷ್ಟು ಅಂತ ನೋಡ್ತಾ ಇದ್ದೇನೆ” ಅಂತ ಹೇಳಿಬಿಟ್ಟಳು!

ಅಬ್ಬಾ! ನಿಮ್ಮ ಅಣ್ಣ ಗುಂಡಣ್ಣನವರು ಶಲ್ಯ ತೆಗೆದು ಮೂಗು ಬಾಯಿ ಮುಚ್ಕೊಂಡ್ರು. ಗೋಳಿಬಜೆ ಬಾಯೊಳಗೇ ಉಳೀತು, ಪಾಪ. ಕುರ್ಚಿ ಹಿಂದೆ ಹೋದದ್ದು ನನಗೆ ಕೇಳ್ತು, ಕಿರ್ರ್ ಅಂತ. ಇವರ ಮುಖ ನೋಡ್ಬೇಕಿತ್ತು ನೀವು, ಹುಳಿ ಬಂದ ಹಿಟ್ಟಿನ ಹಾಗಾಗಿತ್ತು. ಹುಡುಗಿ ನೋಡುವ ಹೊತ್ತಿನಲ್ಲಿ, ಎಣ್ಣೆ ದೀಪದ ಎದುರು ಕೂತು, ಕ್ಷಯ, ಅರ್ಧಾಯುಷ್ಯ… ಒಂದೇ ಉಸಿರಿಗೆ ಎರಡೂ!

ಎಂತ ನಗಾಡ್ತೀರಿ? ಅಲ್ಲ, ನಗಿ, ನಗಿ. ನೀವು ನಗಾಡಿದ್ರೆ ನನಗೆ ಅರ್ಧ ಜೀವ ಬಂದ ಹಾಗೆ… ಛೆ, ನೋಡಿ, ನನ್ನ ಬಾಯಿಗೂ ಅದೇ ಬರ್ತದೆ.

ಈಗ ಕೇಳಿ. ಈ ಲೋಕದಲ್ಲಿ ಎಲ್ಲ ವಸ್ತುವೂ ಸಣ್ಣ ಸಣ್ಣ ಪರಮಾಣುಗಳಿಂದ ಆದದ್ದಂತೆ. ಈ ಡಬರಾ ಲೋಟ, ಈ ಕಾಪಿ, ನೀವು, ನಾನು, ಎಲ್ಲ. ಒಂದೊಂದರ ಹೊಟ್ಟೆಯೊಳಗೂ ಒಂದು ಬೀಜ. ಹೆಚ್ಚಿನ ಬೀಜಗಳು ನಮ್ಮ ನಿಮ್ಮ ಹಾಗೆ, ಕೂತಲ್ಲೇ ಕೂತಿರ್ತವೆ. ಕೆಲವಕ್ಕೆ ಮಾತ್ರ ಕೂತ್ರೆ ಸಮಾಧಾನ ಇಲ್ಲ. ಒಳಗೊಳಗೇ ತಳಮಳ. ಒಂದಲ್ಲ ಒಂದು ಸಮಯ ಒಳಗಿನದ್ದನ್ನು ಸ್ವಲ್ಪ ಹೊರಗೆ ಎಸೆದು, ತಾನು ಬೇರೆಯೇ ಆಗಿಬಿಡ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಡಿಕೇ. ಕನ್ನಡದಲ್ಲಿ ಕ್ಷಯ. ಅಷ್ಟೇ ವಿಷಯ.

ಯಾವಾಗ ಎಸೀತದೆ ಅಂತ ಕೇಳ್ಬೇಡಿ. ಅದು ಯಾರಿಗೂ ಗೊತ್ತಿಲ್ಲ. ಒಗ್ಗರಣೆಗೆ ಸಾಸಿವೆ ಹಾಕ್ತೀರಲ್ಲ? ಎಣ್ಣೆ ಕಾದ ಮೇಲೆ ಯಾವ ಕಾಳು ಮೊದಲು ಸಿಡೀತದೆ ಅಂತ ಹೇಳ್ಲಿಕ್ಕಾಗ್ತದಾ? ಇಷ್ಟು ವರ್ಷ ಒಗ್ಗರಣೆ ಹಾಕಿದ್ದೇನೆ, ನನಗಾಗುವುದಿಲ್ಲ. ಆದ್ರೆ ಒಟ್ಟಿಗೆ ನೋಡಿದ್ರೆ ಗೊತ್ತಾಗ್ತದೆ. ಮೊದಲು ಚಟಪಟ ಚಟಪಟ ಅಂತ ಜೋರು. ಆಮೇಲೆ ಚಟ್… ಪಟ್… ಆಮೇಲೆ ಎಲ್ಲೋ ಒಂದು ಚಟ್. ಇಟ್ಟ ಕಾಳಿನಲ್ಲಿ ಅರ್ಧ ಸಿಡಿಯುವ ಹೊತ್ತು ಉಂಟಲ್ಲ, ಅದೇ ಅರ್ಧಾಯುಷ್ಯ. ಹುಡುಗಿಯ ಆಯುಷ್ಯ ಅಲ್ಲ, ಹುಡುಗನ ಆಯುಷ್ಯವೂ ಅಲ್ಲ. ಸಾಸಿವೆ ಕಾಳಿನ ಆಯುಷ್ಯ! ಅದಕ್ಕೆ ಗುಂಡಣ್ಣನವರು ಶಲ್ಯ ಹಾಳು ಮಾಡ್ಕೊಂಡ್ರು.

ಇನ್ನೊಂದು ಮಜಾ ಗೊತ್ತುಂಟಾ? ಬೇರೆ ಆಗುವ ಮೊದಲಿನದ್ದು ತಾಯಿಯಂತೆ. ಆದ ಮೇಲಿನದ್ದು ಮಗಳಂತೆ. ಹೌದು ಅಕ್ಕ, ದೊಡ್ಡ ದೊಡ್ಡ ಪ್ರೊಫೆಸರುಗಳು ಹಾಗೇ ಕರೆಯುವುದು! ಮಗ ಅಂತ ಅಲ್ಲ, ಮಗಳು ಅಂತಲೇ. ಅದನ್ನು ಕೇಳಿ ನಾನು ಎಲ್ಲರ ಎದುರೇ ಜೋರಾಗಿ ನಗಾಡಿಬಿಟ್ಟೆ.

ಎಲ್ಲಿ ಕೇಳಿದ್ದು ಅಂತಾನಾ? ಅಲ್ಲೇ. ಅವಳ ಲ್ಯಾಬಿನಲ್ಲಿ. ಗಿಂಡಿಯ ಕಾಲೇಜಿನಲ್ಲಿ.

ಹೌದು, ನಾನು ಹೋಗ್ತೇನೆ. ಒಂದ್ಸಲ ಹೋಗಿದ್ದೆ… ಅಂದ್ರೆ, ಆಗಾಗ. ಗುರುವಾರ ಗುರುವಾರ. ಅವಳು ಊಟ ಬಿಟ್ಟು ಹೋಗ್ತಾಳೆ, ಕ್ಯಾರಿಯರ್ ಕೊಡುವವರು ಯಾರು? ನಮ್ಮ ಹೋಟೆಲಿನಿಂದ ಯಾರನ್ನಾದ್ರೂ ಕಳಿಸಬಹುದು, ಹೌದು. ಇವರಿಗೆ… ಇವರಿಗೆ ನಾನು ಮೈಲಾಪುರದ ದೇವಸ್ಥಾನಕ್ಕೆ ಅಂತ ಹೇಳಿದ್ದೇನೆ. ನೀವು ಹೇಳ್ಬೇಡಿ ಮತ್ತೆ.

ಆದ್ರೆ ನೀವು ಒಮ್ಮೆ ನೋಡ್ಬೇಕು ಅಕ್ಕ! ಒಂದು ಮೂಲೆ ಕೋಣೆಯಲ್ಲಿ ದೊಡ್ಡ ಪೀಪಾಯಿ, ತುಂಬ ಮೇಣ. ಅದರ ನಡುವೆ ಎಂಥದ್ದೋ ಒಂದು ಮೂಲವಸ್ತು, ಹಗಲೂ ರಾತ್ರಿ ಕಣ ಬಿಡ್ತಾ ಇರ್ತದೆ. ಅದರ ಪಕ್ಕ ಬೆಳ್ಳಿಯ ತಗಡು ಇಡ್ತಾರೆ. ಬೆಳ್ಳಿ! ನಮ್ಮ ಕುಂಕುಮದ ಭರಣಿಯ ಬೆಳ್ಳಿಯೇ. ಸ್ವಲ್ಪ ಹೊತ್ತು ಇಟ್ರೆ ಆ ಸಾಧು ಬೆಳ್ಳಿಗೂ ತಳಮಳ ಶುರು. ಹೊರಗೆ ತೆಗೆದ ಕ್ಷಣದಿಂದ ಅದು ಇಳೀತಾ ಬರ್ತದೆ. ನಾಲ್ಕು ಮಾತಾಡುವಷ್ಟರಲ್ಲಿ ಅರ್ಧ ಹೋಗಿರ್ತದೆ. ಅಳೆಯುವ ಯಂತ್ರ ಎಲ್ಲಿ? ಜಗಲಿಯ ಆ ತುದಿಯ ಕೋಣೆಯಲ್ಲಿ. ಹತ್ತಿರ ಇಟ್ರೆ ಲೆಕ್ಕ ಕೆಡ್ತದಂತೆ. ಹಾಗಾಗಿ ಓಡ್ಬೇಕು!

ವಿಮಲಾ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸ್ತಾಳೆ, ಚಿಮಟದಲ್ಲಿ ಬೆಳ್ಳಿ ಹಿಡ್ಕೊಳ್ತಾಳೆ, “ಓರಂ ಪೋ, ಓರಂ ಪೋ!” ಅಂತ ಕೂಗ್ತಾ ಓಟ! ಪಿಯೋನು ಬದಿಗೆ, ಪ್ರೊಫೆಸರು ಬದಿಗೆ, ಎಲ್ಲರೂ ಬದಿಗೆ. ಹೋಗಿ ಯಂತ್ರದ ಬಾಯಿಗೆ ಇಟ್ಟ ಕೂಡಲೇ ಟಕಟಕಟಕಟಕ… ಆಹಾ! ಆಮೇಲೆ ಟಕ್ ಟಕ್. ಆಮೇಲೆ… ಟಕ್. ಮುಗೀತು ಅಂದುಕೊಂಡು ನಾವು ಏಳಬೇಕು, ಆಗ ಇನ್ನೊಂದು. ಟಕ್.

ಗಡಿಯಾರ ಒತ್ತುವವಳು ನಾನು. ಗುರುವಾರ ಮಾತ್ರ. ಅವಳು “ಈಗ!” ಅಂದ ಕೂಡಲೇ ಒತ್ತಬೇಕು. ಒಂದ್ಸಲ ಸೀನು ಬಂತು, ತಡವಾಯ್ತು. ಎಂತ ಬೈದಳು ಗೊತ್ತುಂಟಾ ನನಗೆ! ಮನೆಯಲ್ಲಿ ಬಾಯಿ ಸತ್ತವಳು, ಅಲ್ಲಿ ಹುಲಿ.

ಅಪಾಯವಾ? ಇಲ್ಲ ಇಲ್ಲ, ಅಪಾಯ ಎಂತದೂ ಇಲ್ಲ. ಸೀಸದ ಇಟ್ಟಿಗೆಯ ಗೋಡೆ ಕಟ್ಟಿದ್ದಾರೆ. ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಅಲ್ಲಿ ಕೂತು ಏನೂ ತಿನ್ನುವ ಹಾಗಿಲ್ಲ. ಸೆರಗಿಗೆ ಒಂದು ಫಿಲ್ಮಿನ ಬಿಲ್ಲೆ ಚುಚ್ಕೊಳ್ಬೇಕು, ಮೈಗೆ ಎಷ್ಟು ಬಡೀತು ಅಂತ ಆಮೇಲೆ ಅದನ್ನು ತೊಳೆದು ನೋಡ್ತಾರೆ… ಹ್ಞಾಂ? ಮಕ್ಕಳಾಗ್ಲಿಕ್ಕೆ ತೊಂದರೆಯಾ? ಇಲ್ಲಪ್ಪ. ಇರ್ಲಿಕ್ಕಿಲ್ಲ. ಅಂದ್ರೆ, ಇಲ್ಲ ಅಂತಲೇ ಹೇಳ್ತಾರೆ. ನಾನು ಡಾಕ್ಟರಲ್ಲ ಅಲ್ವಾ, ಬರೆದು ಕೊಡ್ಲಿಕ್ಕಾಗುವುದಿಲ್ಲ.

ಯಾಕೆ, ಹೆದರಿಕೆ ಆಯ್ತಾ? ಹೆದರಿಕೆ ಆಗುವುದು ಸಹಜ. ತಾಯಿ ಅಲ್ವಾ ನೀವು.

ನಾನು ಒಂದನ್ನೂ ಮುಚ್ಚಿಡುವುದಿಲ್ಲ, ಅದು ನನ್ನ ಗುಣ. ಅಡುಗೆ ವಿಷಯವೂ ಹೇಳಿಬಿಡ್ತೇನೆ. ಹೋಟೆಲಿನವನ ಮಗಳು ಅಂತ ನೀವು ಎಂತದೋ ಅಂದುಕೊಂಡಿರ್ತೀರಿ. ಹೋದ ತಿಂಗಳು ಸಾರಿಗೆ ಎರಡು ಸಲ ಬೆಲ್ಲ ಹಾಕಿದ್ದಾಳೆ, ಉಪ್ಪು ಹಾಕ್ಲೇ ಇಲ್ಲ. ಒಲೆಯ ಮುಂದೆ ನಿಂತು ಬೆರಳು ಮಡಚ್ತಾ ಇರ್ತಾಳೆ, ಹಾಲು ಉಕ್ಕಿ ಹರೀತದೆ. ಮತ್ತೆ ಅವಳ ಕೆಲಸ ಮುಗಿಯುವುದಕ್ಕೆ ಇನ್ನೂ ಎರಡು ವರ್ಷವಾದ್ರೂ ಬೇಕು. ಬೆಳ್ಳಿ ಎಲ್ಲ ನನಗೆ ತೋರಿಸ್ಲಿಕ್ಕೆ. ಅವಳ ಕೆಲಸದ ವಸ್ತುವೇ ಬೇರೆ ಉಂಟು, ಬೊಂಬಾಯಿಯಿಂದ ವಿಮಾನದಲ್ಲಿ ಬರ್ತದೆ. ಮೀನಂಬಾಕ್ಕಂನಲ್ಲಿ ಇಳಿದ ಕೂಡಲೇ ಟ್ಯಾಕ್ಸಿಯಲ್ಲಿ ಹಾರಿಸ್ಕೊಂಡು ಬರ್ಬೇಕು, ಅದೂ ದಾರಿಯಲ್ಲೇ ಇಳೀತಾ ಇರ್ತದಲ್ಲ! ಈ ವೈಶಾಖದಲ್ಲಿ ಮದುವೆ ಆಗಿ ಭಿಲಾಯಿಗೆ ಹೋದ್ರೆ ಅದೆಲ್ಲ ಅಲ್ಲಿಗೇ ನಿಂತ್ಹೋಗ್ತದೆ. ನಿಲ್ಲಲಿ ಬಿಡಿ, ಪರವಾಗಿಲ್ಲ. ನಾನು ಇದ್ದದ್ದನ್ನು ಹೇಳಿದೆ, ಅಷ್ಟೇ. ನಿಮಗೆ ಬೇಡ ಅಂತ ಅನಿಸಿದ್ರೆ ನಮಗೆ ಬೇಜಾರಿಲ್ಲ. ಸ್ವಲ್ಪವೂ ಬೇಜಾರಿಲ್ಲ. ಇವರಿಗೆ ನಾನು ಸಮಾಧಾನ ಹೇಳ್ತೇನೆ.

ವಿಮಲಾ ಎಂತ ಹೇಳ್ತಾಳೆ ಅಂತಾನಾ? ನೀವೊಬ್ಬರು… ಅವಳು ಎಂತ ಹೇಳ್ತಾಳೆ, ಮಕ್ಕಳು. ದೊಡ್ಡವರು ಹೇಳಿದ ಹಾಗೆ. ಕಾಪಿ ಚೆನ್ನಾಗುಂಟು ಅಕ್ಕ. ಚಿಕೋರಿ ಕಡಿಮೆ ಹಾಕ್ತೀರಿ ಅಲ್ವಾ?

ಎಂತ… ಎಂತ ಹೇಳಿದ್ರಿ?

ಭೋಜರಾಜ ಹೇಳಿದ್ದಾ? ನಿಮಗೆ? ಯಾವಾಗ?

ದಾರಿಯಲ್ಲೇ?

ಅಂದ್ರೆ, ನಮ್ಮ ಮನೆಯ ಮೆಟ್ಟಿಲು ಇಳಿದು ರಿಕ್ಷಾ ಹತ್ತುವಾಗಲೇ ನಿಮಗೆ ಎಲ್ಲ ಗೊತ್ತಿತ್ತು. ಡಿಕೇ, ಹಾಫ್ ಲೈಫು, ಎಲ್ಲ. ಗುಂಡಣ್ಣನವರಿಗೂ? ಅವರೂ ನಗಾಡಿದ್ರಾ?… ಹಾಗಾದ್ರೆ ನಾನು ಇಷ್ಟು ಹೊತ್ತು ಸಾಸಿವೆ ಸಿಡಿಸಿದ್ದು ಯಾರಿಗೆ! ಹೇಳ್ಬಾರದಿತ್ತಾ ಅಕ್ಕ? ಬಾಯಿ ಮುಚ್ಚಿ ಕೇಳ್ತಾ ಕೂತಿದ್ದೀರಿ!

ಮತ್ತೆ “ಯೋಚನೆ ಮಾಡಿ ಹೇಳ್ತೇವೆ” ಅಂತ ಹೇಳಿ ಕಳಿಸಿದ್ದು? ಓ… ಶುಕ್ರವಾರ ದಿನ ಒಳ್ಳೇದುಂಟು ಅಂತ ಕಾದದ್ದಾ. ನಾಳೆಯಾ. ಹೂವು ಹಣ್ಣು ತಗೊಂಡು ಬರುವುದು ಅಂತ…

ಒಳ್ಳೇದೇ ಆಯ್ತು. ಒಳ್ಳೇದೇ ಆಯ್ತಲ್ಲ. ಇವರಿಗೆ ಎಷ್ಟು ಖುಷಿಯಾಗ್ತದೆ. ನನಗೂ… ನನಗೂ ಖುಷಿಯೇ. ಇದು ಕಣ್ಣಿಗೆ ಹೊಗೆ ಬಂದದ್ದು. ಕೆಳಗೆ ಒಲೆ ಹಚ್ಚಿದ್ದಾರೆ ಅಲ್ವಾ?

ಎಂತ ಹಾಗೆ ನೋಡ್ತೀರಿ?

 

ಆ ಶಬ್ದವಾ… ಕ್ಷಯ ಅನ್ನುವ ಶಬ್ದ ಅವಳಿಗೆ ಎಲ್ಲಿಂದ ಬಂತು ಅಂತಾನಾ ನೀವು ನೋಡ್ತಾ ಇರುವುದು?

ಪುಸ್ತಕದಲ್ಲಿ ಇರ್ಬೇಕು. ಕನ್ನಡ ಪುಸ್ತಕ… ಅವಳಿಗೆ ಕನ್ನಡ ಓದ್ಲಿಕ್ಕೆ ಬರುವುದಿಲ್ಲ, ಹೌದು. ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ. ನಾನು ಕನ್ನಡದಲ್ಲಿ ಕೇಳಿದ್ರೆ ತಮಿಳಿನಲ್ಲಿ ಉತ್ತರ, ಸಿಟ್ಟು ಬಂದ್ರೆ ಇಂಗ್ಲಿಷು. ಸಾಸಿವೆಗೂ ಕಡುಗು ಅಂತಲೇ ಹೇಳುವುದು. ಅಂಥವಳ ಬಾಯಿಗೆ ಅರ್ಧಾಯುಷ್ಯ ತಾನಾಗಿ ಬರ್ತದಾ? ಬರುವುದಿಲ್ಲ.

ನೀವು ಬರುವ ಹಿಂದಿನ ದಿನ ಅಡುಗೆ ಮನೆಗೆ ಬಂದು ಕೇಳಿದ್ಳು. “ಅಮ್ಮಾ, ಅವಂಗ… ಅವರೆಲ್ಲ ಊರಿಂದ ಬರುವವರು. ಏನು ಓದ್ತೀ ಅಂತ ಕೇಳಿದ್ರೆ ಕನ್ನಡದಲ್ಲೇ ಹೇಳ್ಬೇಕು ನನಗೆ. ಹೇಳಿಕೊಡು.” ಕಾಗದವೂ ಇಲ್ಲ ಏನೂ ಇಲ್ಲ, ನನ್ನ ಬಾಯಿಂದ ಕೇಳಿ ಕೇಳಿ ಬಾಯಿಪಾಠ ಮಾಡಿದ್ಳು. ಸವೆಯುವುದು ಅಂತ ಹೇಳಿಕೊಡಬಹುದಿತ್ತು ನಾನು. ಇಳಿಯುವುದು ಅನ್ನಬಹುದಿತ್ತು, ಕರಗುವುದು ಅನ್ನಬಹುದಿತ್ತು. ನಮ್ಮ ಭಾಷೆಯಲ್ಲಿ ಶಬ್ದಕ್ಕೆ ಬರಗಾಲವಾ? ಬೇಳೆ ತೊಳೀತಾ ಇದ್ದೆ. ಕೈ ನಿಲ್ಲಿಸದೆ ಹೇಳಿದೆ, “ಕ್ಷಯ ಅಂತ ಹೇಳು. ಅರ್ಧಾಯುಷ್ಯ ಅಂತ ಹೇಳು. ಜೋರಾಗಿ ಹೇಳು, ಎಲ್ಲರಿಗೂ ಕೇಳುವ ಹಾಗೆ.” ಪಾಪ, ಅಮ್ಮ ಹೇಳಿದ್ದಲ್ವಾ. ಹೇಳಿಬಿಟ್ಟಳು.

ಬೈಯಿರಿ ಅಕ್ಕ. ಬೈದುಬಿಡಿ.

ನಿಮ್ಮ ಮಗನ ಮೇಲೆ ನನಗೆ ಏನೂ ಇಲ್ಲ, ಸತ್ಯ. ನನಗೆ ಆ ಹುಡುಗಿಯ ಕೆಲಸ… ಅವಳ ಕೆಲಸ ಅರ್ಧದಲ್ಲಿ ನಿಲ್ಲಬಾರದು ಅಂತ. ತಾಯಿ ಅಲ್ವಾ, ಅವಳ ಒಳ್ಳೇದಕ್ಕೆ ಅಲ್ವಾ ನಾನು…

ಯಾಕೆ ಹಾಗೆ ತಲೆ ಆಡಿಸ್ತೀರಿ? ಅವಳಿಗೋಸ್ಕರ ಅಲ್ಲ ಅಂತಾನಾ?

ನೋಡಿ, ನಾನು ಮದುವೆಯಾಗಿ ಈ ಮದ್ರಾಸಿಗೆ ಬಂದಾಗಿನಿಂದ ಹಿಟ್ಟು, ಬೇಳೆ, ಒಲೆ. ಯಾರೂ ಹೊಡೀಲಿಲ್ಲ, ಯಾರೂ ಹಸಿವಿನಲ್ಲಿ ಇಡ್ಲಿಲ್ಲ, ದೂರುವ ಹಾಗೆ ಏನೂ ಇಲ್ಲ. ಆದ್ರೆ ಗುರುವಾರ ಆ ಕೋಣೆಯಲ್ಲಿ ಕೂತು, ಗಡಿಯಾರ ಕೈಯಲ್ಲಿ ಹಿಡ್ಕೊಂಡು, ಆ ಟಕಟಕ ಕೇಳ್ತೇನಲ್ಲ… ಆಗ ಯಾರೂ ನನ್ನನ್ನು ರತ್ನಾವತಿ, ಚಟ್ನಿ ಆಯ್ತಾ ಅಂತ ಕೇಳುವುದಿಲ್ಲ. ಕಣ್ಣಿಗೆ ಕಾಣದ್ದು ಒಂದು ಬೇರೆ ಆಗ್ತಾ ಉಂಟು, ನನ್ನ ಎದುರೇ, ನಾನು ಅದಕ್ಕೆ ಸಾಕ್ಷಿ ಅಂತ ಅನಿಸ್ತದೆ. ಅವಳು ಹೋದ್ರೆ ನನ್ನನ್ನು ಆ ಬಾಗಿಲೊಳಗೆ ಯಾರು ಬಿಡ್ತಾರೆ? ಕ್ಯಾರಿಯರ್ ಯಾರಿಗೆ ಅಂತ ಹೇಳಿ ಹೋಗ್ಲಿ?



ಗೊತ್ತಾಯ್ತು ಅಕ್ಕ. ವಿಮಲಾ ಎಂತ ಹೇಳ್ತಾಳೆ ಅಂತ ಎರಡು ಸಲ ಕೇಳಿದ್ರಿ, ಎರಡು ಸಲವೂ ನಾನು ಮಾತು ತಪ್ಪಿಸಿದೆ. ಈಗ ಕೇಳ್ತಾ ಇಲ್ಲ, ನೋಡ್ತಾ ಇದ್ದೀರಿ. ಹೇಳ್ತೇನೆ.

ನೀವೆಲ್ಲ ಬಂದು ಹೋದ ಮರುದಿನ ಬೆಳಿಗ್ಗೆ ವಿಮಲಾ ಜಡೆ ಹಾಕಿಸ್ಕೊಳ್ಳಿಕ್ಕೆ ನನ್ನ ಮುಂದೆ ಬಂದು ಕೂತಳು. ಇಷ್ಟು ದೊಡ್ಡವಳಾದ ಮೇಲೆ ನನ್ನ ಕೈಯಲ್ಲಿ ಹಾಕಿಸ್ಕೊಂಡದ್ದೇ ಇಲ್ಲ. ಕೂತು, ಬೆನ್ನು ನನಗೆ ಮಾಡಿ, ಮೆಲ್ಲಗೆ ಕೇಳಿದ್ಳು. ಕನ್ನಡದಲ್ಲೇ ಕೇಳಿದ್ಳು ಅಕ್ಕ, ಒಂದೇ ಒಂದು ತಮಿಳು ಶಬ್ದ ಇಲ್ಲದೆ. ಅದನ್ನು ನಾನು ಹೇಳಿಕೊಟ್ಟಿರ್ಲಿಲ್ಲ.

“ಅಮ್ಮ, ಭಿಲಾಯಿಗೆ ಹೋಗ್ಬೇಕಾದ್ರೆ ರೈಲು ಎಲ್ಲಿ ಬದಲಾಯಿಸ್ಬೇಕು?”

ನಾಗಪುರದಲ್ಲಿ ಅಂತ ಇವರು ವಿಚಾರಿಸಿ ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿಲ್ಲ ಅಂದೆ.